ಹರಿದ ಸ್ಪೀಕರಿನ ಅಕ್ಕ

ಬೀದಿಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಕ್ಕ ಆಗಲೇ ರಿಪೇರಿ ಅಂಗಡಿಯ ಶಟರ್ ಎತ್ತಿ ಬೆಂಚಿನ ಮುಂದೆ ಕೂತಿದ್ದಾರೆ. ಎದುರಿಗೆ ತಟ್ಟೆಯಗಲದ ಸ್ಪೀಕರು, ಕೈಯಲ್ಲಿ ಬ್ಲೇಡು. ಹರಿದ ಸ್ಪೀಕರು ಸರಿಮಾಡಿಸಲು ಜನ ಇವರಲ್ಲಿಗೆ ಬರುತ್ತಾರೆ. ಇವರೋ ಇವತ್ತು ಸರಿಯಿರುವುದನ್ನೇ ಹರಿಯಲು ಹೊರಟಿದ್ದಾರೆ! ಸಂಜೆ ‘ತಗಡು’ ಮತ್ತೆ ನುಡಿಸಲಿದೆ, ಬರೋಬ್ಬರಿ ಹದಿನೈದು ವರ್ಷದ ಮೇಲೆ.

‘ತಗಡು’ ಅಂದರೆ ನಾಲ್ವರ ರಾಕ್ ಬ್ಯಾಂಡು. ರಾಗ ಗೀಗ ಹುಡುಕಿಕೊಂಡು ಹೋದವರು ಕಿವಿ ಮುಚ್ಚಿಕೊಂಡು ಓಡಿ ಬಂದಿದ್ದಾರೆ. ಗಿಟಾರು ಗರಗಸ, ಹಾಡುಗಾರನದು ಬರೀ ಅರಚಾಟ. ಟೈರ್ ಅಂಗಡಿಯ ನೆಲಮಾಳಿಗೆಯಲ್ಲಿ ಮೂರು ವರ್ಷ, ಒಂದೇ ಒಂದು ಕ್ಯಾಸೆಟ್ಟು, ಅಷ್ಟೇ ಅದರ ಆಯುಸ್ಸು. ಆಮೇಲೆ ಹಾಡುಗಾರನ ಗಂಟಲು ಕೈಕೊಟ್ಟಿತು. ಆದರೆ ಆ ಕ್ಯಾಸೆಟ್ಟು ಕೈಯಿಂದ ಕೈಗೆ ದಾಟಿ, ಆಗಿನ್ನೂ ಚಡ್ಡಿ ಹಾಕುತ್ತಿದ್ದವರೆಲ್ಲ ಈಗ ಅದಕ್ಕೆ ತಲೆ ಕುಣಿಸುತ್ತಿದ್ದಾರೆ.

ಡ್ರಮ್ ಬಾರಿಸುವವನು ಅಕ್ಕನ ತಮ್ಮ. ಆ ಗರಗಸದ ಸದ್ದು ಹುಟ್ಟಿದ್ದೂ ಅವನ ಎಡವಟ್ಟಿನಿಂದಲೇ. ಶುರುವಿನಲ್ಲೇ ಒಮ್ಮೆ ಅವನ ಡ್ರಮ್ಮಿನ ಕೋಲು ಚುಚ್ಚಿ ಗಿಟಾರಿನ ಸ್ಪೀಕರಿನೊಳಗಿನ ಕಾಗದ ಸೀಳಿತು. ಬೇರೆ ದಾರಿಯಿಲ್ಲದೆ ಹಾಗೇ ನುಡಿಸಿದರು. ಆ ಕರಕರಕ್ಕೆ ಕೇಳುಗರು ಹುಚ್ಚೆದ್ದರು. ಇದೊಂದೂ ಗೊತ್ತಿಲ್ಲದ ಅಕ್ಕ ಮರುದಿನ ಅಕ್ಕರೆಯಿಂದ ಅಂಟು ಹಚ್ಚಿ ಸರಿಮಾಡಿಬಿಟ್ಟರು.

“ಒಳ್ಳೇದ್ ಮಾಡ್ದೆ ಅಂದ್ಕೊಂಡಿದ್ದೆ. ಗಿಟಾರಿನವ್ನು ಒಂದ್ಸಲ ಮೀಟಿ, ಮುಖ ಸಪ್ಪಗ್ ಮಾಡ್ಕೊಂಡು, ‘ಅಕ್ಕಾ, ನಮ್ ಸದ್ದೆಲ್ಲಿ?’ ಅಂದ. ಆಮೇಲೆ ನಾನೇ ಕೂತು ಅಂಟು ಕಿತ್ತೆ,” ಎಂದು ನಗುತ್ತಾರೆ.

ಅಂಟು ಕಿತ್ತ ಮೇಲೆ ಸೀಳು ಹೇಳಿದ ಮಾತು ಕೇಳಬೇಕಲ್ಲ! ಎರಡು ಹಾಡಿಗೇ ಅಗಲವಾಗಿ ಬರೀ ಬುರುಬುರು. ಹಾಗಾಗಿ ಪ್ರತಿ ಕಾರ್ಯಕ್ರಮದಲ್ಲೂ ಅಕ್ಕ ಸ್ಪೀಕರಿನ ಪೆಟ್ಟಿಗೆಯ ಹಿಂದೆ ಕುಕ್ಕರಗಾಲಲ್ಲಿ ಕೂತು, ಸೀಳಿನ ತುದಿಯನ್ನು ಬೆರಳಿನಿಂದ ಒತ್ತಿ ಹಿಡಿಯುತ್ತಿದ್ದರು. ಹಾಡು ಮುಗಿಯುವ ಹೊತ್ತಿಗೆ ಬೆರಳು ಮರಗಟ್ಟಿರುತ್ತಿತ್ತು. ಬ್ಯಾಂಡಿನ ಐದನೆಯವರು ಅಲ್ಲಿದ್ದಾರೆಂದು ಕೇಳುಗರಿಗೆ ಗೊತ್ತೇ ಆಗಲಿಲ್ಲ.

ಈಗ ಹಾಡುಗಾರನಿಗೆ ಮೂರು ಹಾಡಿಗಾಗುವಷ್ಟು ಗಂಟಲು ಬಂದಿದೆ. ಆ ಹಳೆಯ ಸ್ಪೀಕರು ಸುಟ್ಟುಹೋಗಿದೆ, ಅದೇ ಬಗೆಯದು ಸಿಕ್ಕಿದ್ದು ಇದೊಂದೇ. ಈ ಸಲ ಸೀಳು ಅಗಲವಾಗದೆ ತಾನಾಗಿಯೇ ನಿಲ್ಲಬೇಕು ಅನ್ನುವುದು ಅಕ್ಕನ ಹಟ. ಅದಕ್ಕೇ ಅದು ನಿಲ್ಲಬೇಕಾದ ಕಡೆ ತೆಳು ಬಟ್ಟೆಯ ಚೂರು ಅಂಟಿಸಿದ್ದಾರೆ. ಬ್ಲೇಡು ಅದನ್ನು ದಾಟಿದರೆ ಸಂಜೆಯ ಕಥೆ ಅಲ್ಲಿಗೇ ಮುಗಿಯಿತು.

“ನಿಧಾನ ಕಣಕ್ಕ,” ಅನ್ನುತ್ತಾನೆ ಪಕ್ಕದಲ್ಲೇ ನಿಂತ ತಮ್ಮ.

“ಸುಮ್ನಿರೋ. ಮೊದಲ್ನೇದನ್ನ ನೋಡ್ಕೊಂಡ್ ಹರಿದಿದ್ಯಾ ನೀನು?”

ಬ್ಲೇಡು ಸರಕ್ಕನೆ ಇಳಿಯುತ್ತದೆ, ಬಟ್ಟೆಯ ಅಂಚಿಗೆ ಬಂದು ನಿಲ್ಲುತ್ತದೆ. ಅಲ್ಲೇ ಕಾದು ಕೂತಿದ್ದ ಗಿಟಾರಿನವನು ವೈರು ಸಿಕ್ಕಿಸಿ ಮೀಟುತ್ತಾನೆ. ಬಂತು ನೋಡಿ ಆ ಸದ್ದು! ಕಪಾಟಿನ ಸ್ಕ್ರೂ ಡಬ್ಬಿಗಳು ಗಡಗಡ ನಡುಗುತ್ತವೆ. ಆಗಷ್ಟೇ ಬಾಗಿಲು ತೆರೆದ ಪಕ್ಕದಂಗಡಿಯ ದರ್ಜಿ ಕತ್ತರಿ ಹಿಡಿದುಕೊಂಡೇ ಓಡಿ ಬರುತ್ತಾನೆ. ತಮ್ಮ ತಡೆಯಲಾಗದೆ ಬೆಂಚನ್ನೇ ಬಾರಿಸತೊಡಗುತ್ತಾನೆ. ಅಕ್ಕನ ಬೆರಳು ಅಭ್ಯಾಸಬಲದಿಂದ ಸ್ಪೀಕರಿನ ಹಿಂದಕ್ಕೆ ಹೋಗಿ, ಮುಟ್ಟದೆ ವಾಪಸು ಬರುತ್ತದೆ. ಮೂರೂ ಹಾಡು ಮುಗಿದರೂ ಸೀಳು ಕೂದಲೆಳೆಯಷ್ಟೂ ಅಗಲವಾಗಿಲ್ಲ.

ಹಾಗಾದರೆ ಸಂಜೆ ನಿಮಗೇನು ಕೆಲಸ ಎಂದು ಕೇಳಿದರೆ ಅಕ್ಕ ಕೈಗಂಟಿದ ಗೋಂದು ಉಜ್ಜಿಕೊಳ್ಳುತ್ತಾರೆ.

“ಮೂರು ವರ್ಷ ಪೆಟ್ಟಿಗೆ ಹಿಂದೇನೇ ಕೂತಿದ್ದೆ. ನುಡಿಸೋವಾಗ ನಮ್ ಹುಡುಗ್ರ ಮುಖ ಹೇಗಿರುತ್ತೆ ಅಂತಾನೇ ನಂಗೊತ್ತಿಲ್ಲ. ಇವತ್ತು ಮುಂದೆ ನಿಂತು ನೋಡ್ತೀನಿ.”