ಒದೆಯದ ಕಾಲು

ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಸುಮಾ ಸೊಂಟ ಹಿಡಿದುಕೊಂಡು ಬಂದಳು. ಮೈಯೆಲ್ಲ ನೋವಿನ ಮುಲಾಮಿನ ವಾಸನೆ. "ಆಂಟಿ, ಉಳುಕಿಬಿಟ್ಟಿದೆ. ನಿಮ್ಮ ಮಗಳು ಕಾಲು ಮುಂದಾಗಿ ಹುಟ್ಟಿದೋರಂತಲ್ಲ, ಒಂದ್ಸಲ ಒದೀತಾರಾ ಕೇಳಿ" ಅಂದಳು. ಆ ಸುದ್ದಿಯನ್ನು ಪರ್ತ್ ಊರಿನ ನಮ್ಮ ಬಡಾವಣೆ ಕ್ಯಾನಿಂಗ್ ವೇಲ್‌ ತುಂಬ ಹರಡಿದವಳು ನಾನೇ. ಇನ್ನು ಅವಳನ್ನು ಬೈಯುವುದು ಹೇಗೆ?

ನಿಮಗೂ ಗೊತ್ತಿರುತ್ತದೆ, ಹುಟ್ಟುವಾಗ ತಲೆಗಿಂತ ಮೊದಲು ಕಾಲು ಹೊರಗೆ ಹಾಕಿದವರು ಒದ್ದರೆ ಉಳುಕು ಬಿಡುತ್ತದೆ ಎನ್ನುತ್ತಾರೆ. ಮೈಸೂರಿನಲ್ಲಿ ಬೆಳಗಾದರೆ ನಮ್ಮ ವಠಾರದ ಬಾಗಿಲಿಗೆ ಜನ. ಐದು ವರ್ಷದ ಮಗಳು ವೀಣಾಳನ್ನು ಹಾಸಿಗೆಯಿಂದ ಎತ್ತಿ ತಂದು, ಬೋರಲು ಮಲಗಿದವರ ಬೆನ್ನಿಗೆ ಅವಳ ಕಾಲು ಮುಟ್ಟಿಸುತ್ತಿದ್ದೆ. ಅವರು ತಂದ ಬಾಳೆಹಣ್ಣು ನಾನು ತಿನ್ನುತ್ತಿದ್ದೆ. ಹತ್ತು ತುಂಬುವಷ್ಟರಲ್ಲಿ ಅವಳು ಹಿತ್ತಲ ಬಾಗಿಲಿಂದ ಓಡಿಹೋಗಲು ಕಲಿತಿದ್ದಳು.

ಅದೇ ಹುಡುಗಿ ಆಸ್ಟ್ರೇಲಿಯಾಕ್ಕೆ ಬಂದು ಅಡಿಲೇಡ್‌ನಲ್ಲಿ ಬೆನ್ನುಮೂಳೆಯನ್ನು ಕೈಯಲ್ಲೇ ಸರಿಪಡಿಸುವ ವಿದ್ಯೆಗೇ ಕೈಹಚ್ಚಿದಳು. ಬ್ರಿಸ್ಬೇನ್‌ನಲ್ಲಿ ಮಡಚುವ ಮೇಜೊಂದನ್ನು ಕಾರಿಗೆ ಹಾಕಿಕೊಂಡು, ಆಟಗಾರರ ಕುತ್ತಿಗೆ ಸೊಂಟ ನೋಡುತ್ತ ಮೈದಾನದ ಅಂಚಿನಲ್ಲೇ ಶನಿವಾರಗಳನ್ನು ಕಳೆದಳು. ಈಗ ಪರ್ತ್‌ನ ಯೂನಿವರ್ಸಿಟಿಯಲ್ಲಿ ಲೆಕ್ಚರರ್. ನಾನು ಓದಿದ್ದು ಏಳನೇ ಕ್ಲಾಸು. ನನ್ನ ನಾಲಿಗೆ ಕೈರೋಪ್ರಾಕ್ಟಿಕ್ ಎಂಬ ಆ ವಿದ್ಯೆಯ ಹೆಸರಿಗೆ ಹೊರಳುವ ಹೊತ್ತಿಗೆ ಅವಳು ಅದನ್ನು ಪಾಠ ಹೇಳುತ್ತಿದ್ದಳು.

ಬ್ರಿಸ್ಬೇನ್‌ನಲ್ಲಿ ಒಮ್ಮೆ, ಅವಳ ಜೊತೆ ಕೆಲಸದವರ ಹಿತ್ತಲಲ್ಲಿ ಬಾರ್ಬಿ, ಅಂದರೆ ಕೆಂಡದ ಮೇಲೆ ಸುಟ್ಟ ಊಟ. "ಓದಿದ್ದೇನು ಬಂತು, ಇವಳದು ಹುಟ್ಟುಗುಣ" ಎಂದು ಕಾಲಿನ ಕಥೆಯನ್ನೆಲ್ಲ ಅವಳ ಮಗನ ಕೈಲಿ ಇಂಗ್ಲಿಷಿನಲ್ಲಿ ಹೇಳಿಸಿದೆ. ಎಲ್ಲರೂ ನಕ್ಕರು. ವಾಪಸ್ಸು ಬರುವಾಗ ವೀಣಾ, "ಎಂಟು ವರ್ಷ ಓದಿದೀನಮ್ಮ. ನಿಂಗೆ ಇವತ್ತಿಗೂ ನನ್ನ ಕಾಲೇ ಕಾಣ್ಸೋದು" ಅಂದಳು.

"ಸುಳ್ಳೇನು ಹೇಳಿದೆ?" ಅಂದೆ. ಆಗ ನಮ್ಮ ಮನೆ ಪಕ್ಕದ ಊರು ಇಪ್ಸ್‌ವಿಚ್‌ನಲ್ಲಿ. ಅಲ್ಲಿ ತಲುಪುವ ತನಕ ಅವಳು ಕಾರಿನ ರೇಡಿಯೋ ಜೋರಾಗಿ ಹಾಕಿದ್ದಳು.

ಹೋದ ಚಳಿಗಾಲ ಅಕ್ಕಿ ಮೂಟೆ ಜರುಗಿಸಲು ಹೋಗಿ ನನ್ನ ಬೆನ್ನೇ ಹಿಡಿಯಿತು. ಕ್ಲಾಸಿಗೆ ಹೊರಟವಳ ಮುಂದೆ ನೆಲದ ಮೇಲೆ ಬೋರಲು ಬಿದ್ದು, "ಒದಿಯೇ" ಅಂದೆ.

ಒದೆಯಲಿಲ್ಲ. ಬ್ಯಾಗು ಇಟ್ಟು ಪಕ್ಕದಲ್ಲಿ ಕೂತಳು. ಕೆಮ್ಮಿದರೆ ನೋವಾ, ಕಾಲು ಜೋಮು ಹಿಡಿದಿದೆಯಾ, ಈಚೆಗೆ ಎಲ್ಲಾದರೂ ಜಾರಿ ಬಿದ್ದಿದ್ದೆಯಾ ಎಂದೆಲ್ಲ ಕೇಳಿದಳು. ಒಂದೇ ಬೆರಳಿನಿಂದ ಮೆಲ್ಲಗೆ ಮುಟ್ಟಿದಳು. ಕಿರುಚಿದೆ. ಕೈ ತೆಗೆದಳು.

"ಇದಕ್ಕೆ ನಾನು ಕೈ ಹಾಕಲ್ಲಮ್ಮ. ಮೊದ್ಲು ಎಕ್ಸ್‌ರೇ."

"ಊರೋರದ್ದೆಲ್ಲ ನೋಡ್ತೀಯ, ಹೆತ್ತೋಳದ್ದು ಆಗಲ್ವಾ?"

"ಯಾರನ್ನ ಮುಟ್ಬಾರ್ದು ಅನ್ನೋದನ್ನೇ ನಾನು ಮೊದಲನೇ ದಿನ ಕ್ಲಾಸಲ್ಲಿ ಹೇಳೋದು. ಅಲ್ಲಾಡ್ಬೇಡ, ಆಂಬುಲೆನ್ಸ್ ಬರುತ್ತೆ."

ಮೂಳೆ ಸವೆದು ಬಿರುಕು ಬಿಟ್ಟಿತ್ತು. ನಾನು ಕೇಳಿದ್ದಕ್ಕೆ, ಒದ್ದಿದ್ದರೆ ಮುರಿಯುತ್ತಿತ್ತು ಎಂದು ಡಾಕ್ಟರು ಹೇಳಿದರು. ವೀಣಾ ನನ್ನ ಹೊದಿಕೆ ಸರಿಮಾಡಿದಳು, ಅಷ್ಟೆ. ಆಸ್ಪತ್ರೆಯ ಮಂಚದಲ್ಲಿ ನನಗೆ ವಠಾರದ ಬಾಗಿಲಿಗೆ ಬಂದ ಮುದುಕರ ಬೆನ್ನುಗಳು ನೆನಪಾದವು. ಅವರಲ್ಲಿ ಇಬ್ಬರು ಮತ್ತೆ ಬರಲೇ ಇಲ್ಲ, ವಾಸಿಯಾಯಿತು ಎಂದುಕೊಂಡಿದ್ದೆ.

ಸುಮಾ ಇನ್ನೂ ಬಾಗಿಲಲ್ಲೇ ನಿಂತಿದ್ದಳು.

"ಒದೆಯೋದೆಲ್ಲ ಇಲ್ಲಮ್ಮ. ಅವಳು ಓದಿ ಕಲಿತಿದಾಳೆ" ಅಂದೆ. "ಕೂತ್ಕೋ. ಕೆಮ್ಮಿದರೆ ನೋವಾಗುತ್ತಾ?"

"ಅಮ್ಮ, ಅದನ್ನ ಕೇಳೋಕೆ ನಾನಿದೀನಿ" ಎಂದು ವೀಣಾ ಒಳಗಿನಿಂದ ಕೂಗಿದಳು. ಸಿಟ್ಟಿದ್ದಂತೆ ಕೇಳಿಸಲಿಲ್ಲ.