ಗಿರಣಿ ನೋಡಲು ಬಂದ ಮೇಡಂ

ನಮ್ಮ ಆಡಿಟರ್ ಮೇಡಂ ಅವರ ಎಡಗಣ್ಣಿನ ರೆಪ್ಪೆ ಅರ್ಧ ಇಳಿಬಿದ್ದಿತ್ತು. ಎದುರು ಕೂತವರು, ಇವರಿಗೆ ನಿದ್ದೆ ಬಂದಿದೆ ಎಂದುಕೊಂಡು ಧೈರ್ಯವಾಗಿ ಸುಳ್ಳು ಹೇಳುತ್ತಿದ್ದರು, ಸಿಕ್ಕಿಬೀಳುತ್ತಿದ್ದರು. ಚಹಾ ಆರಿದ್ದರೆ ತಂದವನ ಎದುರೇ ಹೂವಿನ ಕುಂಡಕ್ಕೆ ಸುರಿಯುವ ಹೆಂಗಸು. ದೇಶಪಾಂಡೆ ನಗರದ ಅವರ ಆಫೀಸಿಗೆ ಲೆಕ್ಕಪರಿಶೋಧನೆ ಕಲಿಯಲು ಸೇರಿದ ದಿನವೇ ನನಗೆ ಹೇಳಿದ್ದರು: "ನಿಮ್ಮಪ್ಪ ನಮ್ಮ ಗಿರಾಕಿ ಅಂತ ತಗೊಂಡೇನಿ. ನೀ ಶಾಣ್ಯಾಕಿ ಅಂತಲ್ಲ."

ಅಪ್ಪ ಗಬ್ಬೂರಿನಲ್ಲಿ ಮೆಣಸಿನಪುಡಿ ಮಾಡುತ್ತಿದ್ದ. ಒಂದು ಮಾರ್ಚಿನಲ್ಲಿ ಸಾಲ ಮಾಡಿ ದೊಡ್ಡ ಗಿರಣಿ ತಂದು ನಿಲ್ಲಿಸಿದ. ಅದಕ್ಕೆ ಕರೆಂಟ್ ಇನ್ನೂ ಬಂದಿರಲಿಲ್ಲ. ಯಂತ್ರ ಸವೆಯುತ್ತದೆಂದು ಅದರ ಬೆಲೆಯ ಒಂದು ಪಾಲನ್ನು ಡಿಪ್ರಿಸಿಯೇಶನ್ ಎಂದು ಪ್ರತಿವರ್ಷ ಆದಾಯದಲ್ಲಿ ಕಳೆಯಬಹುದು, ತೆರಿಗೆ ಅಷ್ಟು ಇಳಿಯುತ್ತದೆ. ಆದರೆ ಮಾರ್ಚ್ ಮುಗಿಯುವುದರೊಳಗೆ ಯಂತ್ರ ಓಡಿರಬೇಕು. ಅಪ್ಪ, ಓಡಿದೆ ಎಂದ.

ಏಪ್ರಿಲ್ ಶುರುವಾಗುತ್ತಲೇ ಮೇಡಂ ನನ್ನನ್ನೂ ಕರೆದುಕೊಂಡು ಗಬ್ಬೂರಿಗೆ ಬಂದರು. ಕೆಲಸದ ಹೆಣ್ಣುಮಕ್ಕಳು ನೋಡುತ್ತಿದ್ದಂತೆಯೇ ಗಿರಣಿಯ ಬಾಯೊಳಗೆ ಬಿಳಿ ಕರ್ಚೀಫು ಆಡಿಸಿ, ಅದನ್ನು ಅಪ್ಪನ ಮೂಗಿಗೆ ಹಿಡಿದರು.

"ಮೂಸ್ರಿ. ಸೀನು ಬರ್ತದೇನು?"

ಅಪ್ಪ ಮುಖ ಹಿಂದಕ್ಕೆಳೆದುಕೊಂಡ.

"ಮೂಸ್ರಿ ಅಂದೆ."

ಅಪ್ಪ ಮೂಸಿದ. "ಇಲ್ರಿ ಮೇಡಂ."

"ಹಂಗಾದ್ರ ಈ ವರ್ಷ ಡಿಪ್ರಿಸಿಯೇಶನ್ನೂ ಇಲ್ಲ. ಮಗಳ ಮುಂದ ಸುಳ್ಳು ಹೇಳಬ್ಯಾಡ್ರಿ. ಆಕಿ ಇನ್ನೂ ಕಲಿಯಾಕತ್ತಾಳ."

ಯಾರೋ ಬಾಯಿಗೆ ಸೆರಗು ಹಿಡಿದು ನಕ್ಕರು. ಅಪ್ಪ ನನ್ನ ಕಡೆ ನೋಡಲಿಲ್ಲ.

ಹಟಕ್ಕೆ ಬಿದ್ದು ಬೇರೊಬ್ಬ ಆಡಿಟರ ಹತ್ತಿರ ಹೋದ. ಗಿರಣಿ ಓಡಿದೆಯೆಂದೇ ಬರೆಸಿದ. ಮುಂದೆ ತೆರಿಗೆ ಇಲಾಖೆಯವರು ಕರೆಂಟ್ ಬಿಲ್ಲು ಕೇಳಿದರು. ತೋರಿಸಲು ಬಿಲ್ಲೆಲ್ಲಿತ್ತು? ದಂಡ ಬಿತ್ತು. ಅಪ್ಪ ತಿರುಗಿ ಮೇಡಂ ಬಾಗಿಲಿಗೇ ಬಂದ. ಮಧ್ಯಾಹ್ನವೆಲ್ಲ ಹೊರಗಿನ ಬೆಂಚಿನ ಮೇಲೆ ಕೂಡಿಸಿದರು. ಸಂಜೆ ನನ್ನನ್ನು ಕರೆದು, "ಸಹಿ ಮಾಡಿದವರ ಕಡೇನ ಹೋಗ್ರಿ ಅಂತ ಅವರಿಗೆ ಹೇಳಿ ಬಾ" ಅಂದರು. ಬೇರೆ ಹುಡುಗರೂ ಇದ್ದರು, ನನ್ನನ್ನೇ ಕಳಿಸಿದರು. ನಾನು ಹೋಗಿ ಹೇಳಿದೆ.

"ಆತವಾ" ಎಂದು ಅಪ್ಪ ಚಪ್ಪಲಿ ಮೆಟ್ಟಿಕೊಂಡ.

ಸಾಲದ ಕಂತು, ಮೇಲೆ ದಂಡ. ಗಿರಣಿಯನ್ನು ಬಂದ ಬೆಲೆಗೆ ಕೊಟ್ಟುಬಿಟ್ಟ.

ನಾನು ಮೇಡಂ ಕೈಕೆಳಗೇ ಕಲಿತು ಮುಗಿಸಿದೆ. ಈಗ ನನ್ನದೇ ಆಫೀಸಿದೆ. ಕಣ್ಣಾರೆ ನೋಡದ ಯಂತ್ರದ ಲೆಕ್ಕಕ್ಕೆ ನಾನು ಸಹಿ ಹಾಕುವುದಿಲ್ಲ. ಅದಕ್ಕೇ ಜನ ನನ್ನನ್ನು ನಂಬುತ್ತಾರೆ. ಈ ಅನ್ನ ಮೇಡಂ ಕೊಟ್ಟದ್ದು.

ಹೋದ ತಿಂಗಳು ಮೇಡಂ ತೀರಿಕೊಂಡರು. ಊಟಕ್ಕೆ ಕೂತಿದ್ದ ಅಪ್ಪನಿಗೆ ಹೇಳಿದೆ.

"ಛಲೋ ಆತು. ಇನ್ನೊಂದು ರೊಟ್ಟಿ ಹಾಕು" ಅಂದ.

ಹಾಕಿದೆ. ಆಗ ನನ್ನ ಮುಖ ನೋಡಿದ. ನಾನು ಅಳುತ್ತಿದ್ದೆ. ಅಪ್ಪ ತಾಟು ಸರಿಸಿ, ರೊಟ್ಟಿ ಮುಟ್ಟದೆ ಎದ್ದು ಹೋದ.