ಕುಂಕುಮ ಹಚ್ಚಿದ ಡಿಸ್ಕು

ದೆವ್ವ, ಪವಾಡ, ಶಕುನ ಯಾವುದನ್ನೂ ನಾನು ನಂಬಿದವನಲ್ಲ. ಹೀಗೆ ಹೇಳಿ ಆಮೇಲೆ ‘ಆದರೆ ಒಂದು ಸಲ’ ಎಂದು ರಾಗ ತೆಗೆಯುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಈಗ ನಾನೇ ಆ ಸಾಲಿನಲ್ಲಿ ನಿಂತಿದ್ದೇನೆ. ನಗುವುದಿದ್ದರೆ ನಗಿ, ಆದರೆ ಕೊನೆಯವರೆಗೆ ಓದಿ. ಎಲ್ಲಾದರೂ ನನ್ನ ಲೆಕ್ಕ ತಪ್ಪಿದ್ದು ಕಂಡರೆ ದಯವಿಟ್ಟು ತಿಳಿಸಿ. ನಾನು ಹುಡುಕುತ್ತಿರುವುದೇ ಅದನ್ನು.

ಮುಚ್ಚಿಹೋದ ಕಚೇರಿಗಳಿಂದ ಹಳೆಯ ಸರ್ವರ್‌ಗಳನ್ನು ಚೌಕಾಸಿ ಮಾಡಿ ಕೊಳ್ಳುವುದು, ಅವಕ್ಕೆ ಲಿನಕ್ಸ್ ಹಾಕಿ ಪುಣೆಯ ಸಣ್ಣ ಉದ್ಯಮಗಳಿಗೆ ಮಾರುವುದು, ಆಮೇಲೆ ಅವುಗಳ ಆರೈಕೆ ಮಾಡುವುದು ನನ್ನ ಕಸುಬು. ಕಾಲೇಜಿನಲ್ಲಿ ಕಲಿತದ್ದಲ್ಲ, ಕೆಟ್ಟ ಯಂತ್ರಗಳನ್ನು ಬಿಚ್ಚಿ ಬಿಚ್ಚಿ ಕಲಿತದ್ದು. ಗಿರಾಕಿಗಳಿಗೆಲ್ಲ ಒಂದೇ ಮಾತು ಹೇಳುತ್ತೇನೆ: ಯಂತ್ರ ಇವತ್ತಲ್ಲ ನಾಳೆ ಸಾಯುವುದೇ, ಅದರೊಳಗಿರುವುದರ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ ಇರಲಿ.

ಬಿಬವೇವಾಡಿಯಲ್ಲಿ ಶಕುಂತಲಾಬಾಯಿ ಎಂಬವರ ಕೃತಕ ಕಾಲು ತಯಾರಿಸುವ ಕಾರ್ಖಾನೆ ಇದೆ. ಅವರು ವಿಜಯಪುರದ ಕಡೆಯವರು. ಮೊದಲು ಅಲ್ಲಿ ಎಲ್ಲವೂ ಪ್ಲಾಸ್ಟರ್ ಅಚ್ಚಿನ ಕೆಲಸ, ಗೋಡೆಯುದ್ದಕ್ಕೂ ಅಚ್ಚುಗಳು. ಅವರನ್ನು ಒಪ್ಪಿಸಿ ಅಳತೆ ಹಿಡಿಯುವ ಸ್ಕ್ಯಾನರನ್ನೂ ಒಂದು ಸರ್ವರನ್ನೂ ಮಾರಿದವನು ನಾನು. ‘ಅಚ್ಚು ಇಟ್ಟುಕೊಳ್ಳಬೇಡಿ, ಎಲ್ಲ ಕಂಪ್ಯೂಟರಿನಲ್ಲಿರುತ್ತದೆ’ ಎಂಬ ಸಲಹೆಯೂ ನನ್ನದೇ. ದಿನಾ ಸಂಜೆ ಅಳತೆಗಳೆಲ್ಲ ತಾವಾಗಿಯೇ ಹೊರಗಿನ ಒಂದು ಡಿಸ್ಕಿಗೆ ನಕಲಾಗುವಂತೆ ಮಾಡಿಕೊಟ್ಟಿದ್ದೆ.

ಕೆಲವು ವರ್ಷಗಳ ಹಿಂದೆ, ಚಳಿಗಾಲದ ಒಂದು ಗುರುವಾರ ಬೆಳಿಗ್ಗೆ ಫೋನು ಬಂತು. ಹಿಂದಿನ ದಿನ ಸರ್ವರ್ ಸತ್ತಿತ್ತು. ಗುರುವಾರ ಅವರಿಗೆ ವಾರದ ರಜೆ. ಹೋಗಿ ನೋಡಿದರೆ ಕಾರ್ಖಾನೆಯಲ್ಲಿ ಇದ್ದವರು ಇಬ್ಬರೇ, ಶಕುಂತಲಾಬಾಯಿ ಮತ್ತು ಅವರ ಹಳೆಯ ಕೆಲಸಗಾರ ಬಸಣ್ಣ. ಒಳಗಿನ ಡಿಸ್ಕು ಪೂರಾ ಹೋಗಿತ್ತು. ನಾನೇನೂ ಗಾಬರಿಯಾಗಲಿಲ್ಲ. “ಅಕ್ಕಾರ, ನಕಲಿನ ಡಿಸ್ಕ್ ಎಲ್ಲೈತ್ರಿ?” ಎಂದೆ.

“ಕಪಾಟಿನ್ಯಾಗ ಛಲೋತ್ನಾಗ ಇಟ್ಟೀವ್ರಿ,” ಎಂದರು ಹೆಮ್ಮೆಯಿಂದ. “ಖಂಡೇ ಪೂಜಿ ದಿನಾ ಎಲ್ಲಾ ಸಾಮಾನಿಗೆ ಕುಂಕುಮ ಹಚ್ಚಿದ್ವಿ. ಇದರಾಗ ನಿಮ್ಮ ಜೀವಾ ಅದ ಅಂತ ನೀವ ಹೇಳಿದ್ರಲ್ಲ? ಜೀವಾ ಅಂದಮ್ಯಾಲ ಹೊರಗ ಧೂಳಿನ್ಯಾಗ ಹೆಂಗ ಇಡೂದು?”

ಆಯುಧಪೂಜೆಯ ದಿನ ಡಿಸ್ಕನ್ನು ಕಿತ್ತು, ಹೂ ಏರಿಸಿ, ಭಕ್ತಿಯಿಂದ ಕಪಾಟಿನಲ್ಲಿಟ್ಟಿದ್ದಾರೆ. ಅಂದಿನಿಂದ ದಿನಾ ಸಂಜೆಯ ನಕಲು ಹೊರಗಿನ ಡಿಸ್ಕು ಕಾಣದೆ, ಅದೇ ಹೆಸರಿನ ಖಾಲಿ ಜಾಗಕ್ಕೆ, ಅಂದರೆ ಸರ್ವರಿನ ಹೊಟ್ಟೆಗೇ ಬಿದ್ದಿದೆ. ಈಗ ಮೂಲದ ಜೊತೆ ನಕಲೂ ಸತ್ತಿದೆ.

“ದಿನಾ ಹಸರ ಅಕ್ಷರದಾಗ ‘ಆತು’ ಅಂತ ಬರತಿತ್ತು, ಆತು ಅನ್ಕೊಂಡ್ವಿ,” ಎಂದ ಬಸಣ್ಣ. ಆಮೇಲೆ ನನ್ನ ಮುಖ ನೋಡಿ, “ನಮ್ಮ ಅಚ್ಚು ಒಡದ್ರ ತುಕಡಿಯರ ಸಿಗತಿದ್ದು. ನಿಮ್ಮದು ಒಡದ್ರ ಏನ್ ಸಿಗತದ್ರಿ ಸಾವ್ಕಾರ್ರ?” ಎಂದ.



ಉಳಿದವರ ಅಳತೆಗಳನ್ನು ಮತ್ತೆ ತೆಗೆದುಕೊಳ್ಳಬಹುದಿತ್ತು. ತೊಂದರೆ ಇದ್ದದ್ದು ನೀಲಮ್ಮನದು. ಆಕೆ ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವಳು. ಛಾವಣಿಯ ಸೆಂಟ್ರಿಂಗ್ ಕುಸಿದು ಮೊಣಕಾಲ ಕೆಳಗೆ ಎಡಗಾಲು ಹೋಗಿತ್ತು. ಕಾತ್ರಜದ ಒಂದು ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಮುಂದಿನ ಸೋಮವಾರ ಹೋಗಿ ನಿಂತು ಚಪಾತಿ ಲಟ್ಟಿಸಬೇಕು, ಇಲ್ಲದಿದ್ದರೆ ಆ ಜಾಗ ಬೇರೆಯವರಿಗೆ. ದೀಪಾವಳಿ ಆದ ಮೇಲೆ ಮೊದಲ ಸಲ ಬಂದವಳು. ಅಂದಿನಿಂದ ಕೃತಕ ಕಾಲಿನಲ್ಲಿ ಅವಳ ಮೊಂಡುಗಾಲು ಕೂರುವ ಬಟ್ಟಲನ್ನು ನೋವಾದ ಕಡೆಯೆಲ್ಲ ಕೆರೆದು ತಿದ್ದಿ, ಆ ವಾರದ ಸೋಮವಾರವಷ್ಟೇ ಕೊನೆಯ ಆಕಾರಕ್ಕೆ ತಂದಿದ್ದರು. ಆಕಾರವನ್ನು ಕಂಪ್ಯೂಟರಿಗೆ ಹತ್ತಿಸಿ, ನನ್ನ ಸಲಹೆಯಂತೆ ಆ ಮಾದರಿ ಬಟ್ಟಲನ್ನು ಒಡೆದು ಹಾಕಿದ್ದರು. ಹೊಸದಾಗಿ ಶುರು ಮಾಡಿದರೆ ಮತ್ತೆ ತಿಂಗಳುಗಟ್ಟಲೆ ಕೆಲಸ.

ಸತ್ತ ಡಿಸ್ಕಿನಿಂದ ಮಾಹಿತಿ ತೆಗೆಯುವವರಿಗೆ ಅಲ್ಲಿಂದಲೇ ಫೋನು ಮಾಡಿದೆ. ಮೂರು ವಾರ ಎಂದರು. ನಾನು ಎಂಥ ಚೌಕಾಸಿಗಾರ ಎಂದು ಮಾರುಕಟ್ಟೆಗೆ ಗೊತ್ತು, ಆದರೆ ಅವತ್ತು ಒಂದು ದಿನವನ್ನೂ ಇಳಿಸಲಾಗಲಿಲ್ಲ.

ಇರಲಿ, ಪೂಜೆಯವರೆಗಿನದಾದರೂ ಸಿಗಲಿ ಎಂದು ಕಪಾಟಿನ ಡಿಸ್ಕು ತೆಗೆದೆ. ಇಲ್ಲಿ ಸ್ವಲ್ಪ ಗಮನವಿಟ್ಟು ಓದಿ. ಕೇಬಲ್ ಸಿಕ್ಕಿಸುವ ಸಂದಿನಲ್ಲಿ ಅರಿಸಿನ ಕುಂಕುಮ ಕಲ್ಲಿನಂತೆ ಗಟ್ಟಿಯಾಗಿ ಕೂತಿತ್ತು. ಅದರಲ್ಲಿ ಒಂದು ಚೆಂಡುಹೂವಿನ ಎಸಳು ಒಣಗಿ ಅಂಟಿತ್ತು. ಶಕುಂತಲಾಬಾಯಿ ಕೊಟ್ಟ ಪಿನ್ನಿನಿಂದ ನಾನೇ ಕಾಲು ಗಂಟೆ ಕೆರೆದು ಬಿಡಿಸಿದೆ. ಅಂದರೆ ಪೂಜೆಯ ನಂತರ ಯಾರೂ ಅದಕ್ಕೆ ಕೇಬಲ್ ಹಾಕಿರಲಿಲ್ಲ. ಮೇಲಿದ್ದ ಚೀಟಿಯಲ್ಲಿ ನನ್ನದೇ ಸಹಿ. ಆಮೇಲೆ ನನ್ನ ಲ್ಯಾಪ್‌ಟಾಪಿಗೆ, ಓದಲು ಮಾತ್ರ ಸಾಧ್ಯವಾಗುವ ಹಾಗೆ ಜೋಡಿಸಿದೆ. ನೀವೂ ಯಾವಾಗಲೂ ಹಾಗೆಯೇ ಮಾಡಿ. ಗಾಬರಿಯಲ್ಲಿ ಕೈತಪ್ಪಿ ಅಳಿಸಿಹೋಗುವುದಿಲ್ಲ. ಕೊನೆಯ ಸಲ ತನ್ನ ಮೇಲೆ ಬರೆದದ್ದು ಯಾವಾಗ ಎಂಬುದನ್ನು ಡಿಸ್ಕು ತಾನೇ ಗುರುತು ಹಾಕಿಕೊಂಡಿರುತ್ತದೆ. ನೋಡಿದೆ. ಖಂಡೇನವಮಿಯ ಹಿಂದಿನ ಸಂಜೆ.

ಕಡತಗಳ ಪಟ್ಟಿ ತೆರೆದೆ. ಹಳೆಯ ರೋಗಿಗಳೆಲ್ಲ ಇದ್ದರು. ಪೂಜೆಯ ನಂತರ ಬಂದವರು ಯಾರೂ ಇರಲಿಲ್ಲ, ಇರುವಂತೆಯೂ ಇರಲಿಲ್ಲ. ಪಟ್ಟಿಯ ತುದಿಯಲ್ಲಿ ಮಾತ್ರ ಒಂದು ಕಡತ. ನೀಲಮ್ಮನ ಸಂಖ್ಯೆ. ಎಡಗಾಲು. ತಾರೀಕು ಅದೇ ಸೋಮವಾರದ ಸಂಜೆ.

ಬಸಣ್ಣ ಪರದೆಯ ಮೇಲೆ ಆಕಾರವನ್ನು ತಿರುಗಿಸಿ ತಿರುಗಿಸಿ ನೋಡಿದ. “ಇಲ್ಲಿ ನೋಡ್ರಿ, ಎಲುಬು ಚುಚ್ಚತದ ಅಂದಿದ್ಲು, ಇಷ್ಟ ಕೆರದಿದ್ದೆ. ಇದು ನನ್ನ ಕೈರಿ,” ಎಂದ. ಇದು ಇಲ್ಲಿರಲು ಸಾಧ್ಯವಿಲ್ಲ, ಇದನ್ನು ನಂಬಿ ಕಾಲು ಮಾಡುವುದು ಹೇಗೆ ಎಂದು ಕೇಳಿದೆ. ಶಕುಂತಲಾಬಾಯಿ, “ಕೂತ್ರ ಕೂಡತದ, ಇಲ್ಲಂದ್ರ ಇಲ್ಲ. ನೀಲವ್ವಗ ಸೋಮವಾರ ಮತ್ತ ಬರತದೇನು?” ಎಂದರು. ವ್ಯವಹಾರದಲ್ಲಿ ನನ್ನ ಬಾಯಿಯನ್ನು ಇಷ್ಟು ಬೇಗ ಮುಚ್ಚಿಸಿದವರು ಇಲ್ಲ.

ಅವತ್ತೂ ಮರುದಿನವೂ ನಾನು ಕಾರಣ ಹುಡುಕಿದೆ. ಯಾರಾದರೂ ನಕಲು ಮಾಡಿರಬಹುದೇ? ಆ ಗಟ್ಟಿಯಾದ ಕುಂಕುಮ ಅಡ್ಡ ಬಂತು. ಗಡಿಯಾರ ತಪ್ಪಿರಬಹುದೇ? ಹಾಗಾದರೂ ಪೂಜೆಯ ದಿನ ನೀಲಮ್ಮ ಇನ್ನೂ ಆ ಕಾರ್ಖಾನೆಯ ಮೆಟ್ಟಿಲು ಹತ್ತಿರಲಿಲ್ಲ. ಕಸುಬಿನ ಗೆಳೆಯರೊಬ್ಬರು, “ನೀನು ಬೇರೆ ಡಿಸ್ಕ್ ನೋಡಿರಬೇಕು,” ಎಂದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಹೊಸ ಬಟ್ಟಲು ಗಟ್ಟಿಯಾಗುವುದನ್ನು ಕಾಯುತ್ತ ಕೂತಾಗ ಬಸಣ್ಣ ಇನ್ನೊಂದು ಮಾತು ಹೇಳಿದ. ನೀಲಮ್ಮ ಪ್ರತಿ ಸಲ ಬಂದಾಗಲೂ ಮೊದಲು ಆ ಕಪಾಟನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳಂತೆ. ಬೀಗಕ್ಕೂ ಕುಂಕುಮ ಹಚ್ಚಿತ್ತಲ್ಲ, ಒಳಗೆ ದೇವಿ ಇದ್ದಾಳೆ ಅಂದುಕೊಂಡಿರಬೇಕು. “ತಿಳಸಿ ಹೇಳೂದು ಬ್ಯಾಡ ಅಂತ ಸುಮ್ಮನಿದ್ದೆ,” ಎಂದು ನಕ್ಕ. ನಾನೂ ನಕ್ಕೆ. ಇದೇ ಕಾರಣ ಎಂದು ನಾನು ಹೇಳುತ್ತಿಲ್ಲ.

ಶನಿವಾರ ಮಧ್ಯಾಹ್ನ ಕಾಲು ಸಿದ್ಧವಾಯಿತು. ನಾನೂ ಹೋಗಿದ್ದೆ. ಡಿಸ್ಕು ನನ್ನ ಹೆಗಲ ಚೀಲದಲ್ಲಿತ್ತು; ಗುರುವಾರವೇ ಪರೀಕ್ಷೆಗೆಂದು ಒಯ್ದಿದ್ದೆ. ನೀಲಮ್ಮ ಕಂಬಿ ಹಿಡಿದು ಎದ್ದಳು, ಕಂಬಿ ಬಿಟ್ಟಳು, ಎಂಟು ಹತ್ತು ಹೆಜ್ಜೆ ನಡೆದಳು. “ಎಲ್ಲೂ ಚುಚ್ಚವಲ್ದು,” ಎಂದಳು. ಶಕುಂತಲಾಬಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಇವತ್ತಿಗೂ ಆ ಡಿಸ್ಕು ನನ್ನ ಬಳಿ ಇದೆ, ಆ ಕಡತವೂ ಅದರಲ್ಲಿದೆ. ಪ್ರತಿ ತಿಂಗಳು ಗಿರಾಕಿಗಳ ಎದುರಿಗೇ ನಕಲಿನಿಂದ ಒಂದು ಕಡತ ಮರಳಿ ತೆಗೆದು ತೋರಿಸುವ ಪದ್ಧತಿ ಅಂದಿನಿಂದಲೇ ಶುರು ಮಾಡಿದೆ. ‘ಆತು’ ಎಂಬ ಹಸಿರು ಅಕ್ಷರವನ್ನು ನೀವೂ ನಂಬಬೇಡಿ. ಪೂಜೆ ಮಾಡಿ, ಮುಗಿದ ಮೇಲೆ ಕೇಬಲ್ ಮತ್ತೆ ಸಿಕ್ಕಿಸಿ. ಇಷ್ಟು ನಾನು ಧೈರ್ಯವಾಗಿ ಹೇಳಬಲ್ಲೆ.

ಹೇಳಲಾಗದ್ದು ಒಂದಿದೆ. ಆ ಶನಿವಾರ ಹೊರಡುವ ಮುನ್ನ ನೀಲಮ್ಮ ಹೊಸ ಕಾಲಿನ ಮೇಲೆ ಕಪಾಟಿನವರೆಗೆ ನಡೆದು ಹೋದಳು. ಬಾಗಿಲು ಮುಚ್ಚಿತ್ತು, ಬೀಗ ಹಾಕಿತ್ತು. ಡಿಸ್ಕು ನನ್ನ ಬಳಿ ಇರುವುದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಮುಟ್ಟಲೆಂದು ಎತ್ತಿದ ಕೈ ಅಲ್ಲೇ ನಿಂತಿತು. ಹೊರಳಿ, “ಇವತ್ತ ಇಲ್ಲಿ ಇಲ್ಲೇನ್ರಿ?” ಎಂದಳು. ಕೇಳಿದ್ದು ಶಕುಂತಲಾಬಾಯಿಯನ್ನಲ್ಲ, ಬಸಣ್ಣನನ್ನಲ್ಲ, ನನ್ನನ್ನು. ಪ್ರತಿಯೊಂದನ್ನೂ ಕೆದಕಿ ಕೇಳುವ ನಾನು, ಅವಳಿಗೆ ಅದು ಹೇಗೆ ತಿಳಿಯಿತೆಂದು ಕೇಳಲಿಲ್ಲ. ಚೀಲವನ್ನು ಹೆಗಲಿನಿಂದ ಇಳಿಸಿ ಮೇಜಿನ ಮೇಲಿಟ್ಟೆ, ಅಷ್ಟೆ.